ಹಲ್ಲಿನ ತಿರುಳೇ ಹಲ್ಲಿನ ವೈದ್ಯ

ಬಿದ್ದ ಹಾಲುಹಲ್ಲನ್ನು ಸಗಣಿಯ ಉಂಡೆಯಲ್ಲಿಟ್ಟು ಸೂರಿನ ಮೇಲೆ ಎಸೆಯುವುದು ನಮ್ಮ ಹಳ್ಳಿಗಳ ಹಳೆಯ ರೂಢಿ. ಆ ಪುಟ್ಟ ಹಲ್ಲಿನ ತಿರುಳಿನಲ್ಲಿ ಆಕರಕೋಶಗಳು, ಅಂದರೆ ಬೇರೆ ಬಗೆಯ ಕೋಶಗಳಾಗಿ ಬೆಳೆಯಬಲ್ಲ ಸ್ಟೆಮ್ ಸೆಲ್‌ಗಳು, ಇವೆ ಎಂದು 2003ರಲ್ಲಿ ಅಮೆರಿಕದ ವಿಜ್ಞಾನಿಗಳು ತೋರಿಸಿದರು. ಎಸೆಯಬೇಡಿ, ಹಣ ಕೊಟ್ಟು ಶೀತಲಗೃಹದಲ್ಲಿ ಕಾಪಿಡಿ ಎಂಬ ಮಾತು ಅಲ್ಲಿಂದ ಮುಂದೆ ತಂದೆತಾಯಿಗಳ ಕಿವಿಗೆ ಬೀಳತೊಡಗಿತು. ಆದರೆ ಇದುವರೆಗಿನ ಸಂಶೋಧನೆಯನ್ನು ನಿಧಾನವಾಗಿ ನೋಡಿದರೆ, ಈ ಕೋಶಗಳನ್ನು ಉಳಿಸಿಕೊಳ್ಳಲು ಎಲ್ಲಕ್ಕಿಂತ ಒಳ್ಳೆಯ ಜಾಗ ಬಾಯಲ್ಲಿರುವ ಜೀವಂತ ಹಲ್ಲೇ ಎಂಬುದು ತಿಳಿಯುತ್ತದೆ.

ಮಗು ಗರ್ಭದಲ್ಲಿರುವಾಗಲೇ ದವಡೆಯ ಹೊರಪದರ ಅಲ್ಲಲ್ಲಿ ದಪ್ಪಗಾಗಿ ಹಲ್ಲಿನ ಮೊಗ್ಗು ಮೂಡುತ್ತದೆ. ಹೊರಪದರದ ಕೋಶಗಳು ಎನಾಮೆಲ್ ಕಟ್ಟುತ್ತವೆ. ಅದರಡಿಯ ಕೋಶಗಳು ಎನಾಮೆಲ್ ಒಳಗಿನ ಗಟ್ಟಿ ಪದರವಾದ ಡೆಂಟಿನ್ ಮತ್ತು ತಿರುಳಾಗುತ್ತವೆ. ಇಲಿಯ ಬಾಚಿಹಲ್ಲಿನ ಬುಡದಲ್ಲಿ ಎನಾಮೆಲ್ ಕಟ್ಟುವ ಕೋಶಗಳ ಆಕರ ಜೀವನಪೂರ್ತಿ ಉಳಿಯುವುದರಿಂದ ಆ ಹಲ್ಲು ಸವೆದಂತೆಲ್ಲ ಬೆಳೆಯುತ್ತದೆ. ಮನುಷ್ಯರಲ್ಲಿ ಹಲ್ಲು ವಸಡನ್ನು ಸೀಳಿ ಹೊರಬರುವ ಹೊತ್ತಿಗೆ ಎನಾಮೆಲ್ ಕಟ್ಟುವ ಕೋಶಗಳು ಇಲ್ಲವಾಗುತ್ತವೆ. ಕಳೆದ ಎನಾಮೆಲ್ ಮತ್ತೆ ಬೆಳೆಯದು. ಡೆಂಟಿನ್ ವಿಷಯ ಹಾಗಲ್ಲ. ವಿಜ್ಞಾನಿ ಸ್ಟಾನ್ ಗ್ರೊಂಥೋಸ್ ಮತ್ತು ಸಂಗಡಿಗರು 2000ದಲ್ಲಿ ವಯಸ್ಕರ ಹಲ್ಲಿನ ತಿರುಳಿನಲ್ಲೂ ಆಕರಕೋಶಗಳನ್ನು ಗುರುತಿಸಿದರು. ಡೆಂಟಿನ್ ಕಟ್ಟುವ ಕೋಶಗಳು ಸತ್ತಾಗ ಈ ಆಕರಕೋಶಗಳು ಅವುಗಳ ಕೆಲಸ ವಹಿಸಿಕೊಂಡು ತಿರುಳಿನ ಸುತ್ತ ಹೊಸ ಗೋಡೆ ಕಟ್ಟುತ್ತವೆ.

ಹಾಗಿದ್ದರೆ ಹುಳುಕು ತಾನಾಗಿ ಏಕೆ ವಾಸಿಯಾಗುವುದಿಲ್ಲ? ಈ ದುರಸ್ತಿ ತೆಳುವಾದದ್ದು, ನಿಧಾನವಾದದ್ದು. ಸೋಂಕು ಅದಕ್ಕಿಂತ ವೇಗವಾಗಿ ಒಳನುಗ್ಗುತ್ತದೆ. ಲಂಡನ್ನಿನ ಕಿಂಗ್ಸ್ ಕಾಲೇಜಿನ ಪಾಲ್ ಶಾರ್ಪ್ ತಂಡ 2017ರಲ್ಲಿ ಔಷಧ ತೋಯಿಸಿದ ಕೊಲಾಜೆನ್ ಸ್ಪಂಜನ್ನು ಇಲಿಗಳ ಹಲ್ಲಿನ ಕುಳಿಯಲ್ಲಿಟ್ಟಾಗ, ಸ್ಪಂಜು ಕರಗುತ್ತ ಆ ಜಾಗವನ್ನು ಡೆಂಟಿನ್ ತುಂಬಿತು. ಆ ಔಷಧಕ್ಕೆ ಓಗೊಟ್ಟದ್ದು ಜೀವಂತ ತಿರುಳು. ತಿರುಳು ಸತ್ತಿದ್ದರೆ ಎಬ್ಬಿಸಲು ಅಲ್ಲಿ ಯಾರೂ ಇರುತ್ತಿರಲಿಲ್ಲ.

ಸತ್ತ ತಿರುಳಿಗೂ ಮರುಜೀವ ಬಂದಿದೆಯಲ್ಲ ಎಂದು ಕೇಳಬಹುದು. ನಿಜ, ಚೀನಾದಲ್ಲಿ ಪೆಟ್ಟಾಗಿ ತಿರುಳು ಸತ್ತ ಬಾಚಿಹಲ್ಲುಗಳಿಗೆ ಅದೇ ಮಕ್ಕಳ ಹಾಲುಹಲ್ಲಿನ ಕೋಶಗಳನ್ನು ಸೇರಿಸಿದಾಗ ರಕ್ತನಾಳ, ಸಂವೇದನೆ ಎರಡೂ ಮರಳಿದ್ದನ್ನು 2018ರ ವರದಿ ದಾಖಲಿಸಿದೆ. ಅದು ಭರವಸೆಯ ಫಲಿತಾಂಶ. ಆದರೆ ಪರೀಕ್ಷೆ ನಡೆದದ್ದು ಕೆಲವೇ ಮಕ್ಕಳಲ್ಲಿ, ಬೇರು ಇನ್ನೂ ಬೆಳೆಯುತ್ತಿದ್ದ ಹಲ್ಲುಗಳಲ್ಲಿ. ಇಷ್ಟನ್ನೇ ನಂಬಿ ಎಲ್ಲರ ಹಾಲುಹಲ್ಲನ್ನೂ ಕಾಪಿಡಲು ಹಣ ಸುರಿಯುವುದು ಅವಸರ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿಯೂ ಹೊಕ್ಕುಳಬಳ್ಳಿಯ ರಕ್ತವೊಂದನ್ನು ಬಿಟ್ಟು ಹಲ್ಲಿನಂಥವುಗಳ ವಾಣಿಜ್ಯ ಸಂಗ್ರಹಕ್ಕೆ ಒಪ್ಪಿಗೆ ಕೊಟ್ಟಿಲ್ಲ.

ತಿರುಳು ಪೂರ್ತಿ ಕೊಳೆತ ಮೇಲೆ ಹಲ್ಲನ್ನು ಉಳಿಸಲು ರೂಟ್ ಕೆನಾಲ್ ಬೇಕೇ ಬೇಕು, ಅದಕ್ಕೆ ಹೆದರಬೇಕಾಗಿಲ್ಲ. ಆದರೆ ಅಲ್ಲಿಯವರೆಗೆ ಕಾಯಬೇಡಿ. ಮಗುವಿನ ಹಲ್ಲಿನಲ್ಲಿ ಕಪ್ಪು ಚುಕ್ಕೆ ಕಂಡಾಗಲೇ, ತಣ್ಣೀರು ಜುಮ್ಮೆನ್ನಿಸಿದಾಗಲೇ ದಂತವೈದ್ಯರ ಬಳಿಗೆ ಹೋಗಿ. ಸಣ್ಣ ಕುಳಿಯನ್ನು ಇಂದೇ ತುಂಬಿಸಿದರೆ, ಒಳಗಿನ ಆಕರಕೋಶಗಳು ಉಳಿಯುತ್ತವೆ.