ಸ್ತನದ ಇಸಬು: ನಾಚಿಕೆ ಬೇಡ, ನಿರ್ಲಕ್ಷ್ಯವೂ ಬೇಡ

ಬಬಲೇಶ್ವರದ ಕಡೆಯ ಸುಮಾರು 55 ವರ್ಷದ ತಾಯಿಯೊಬ್ಬರು ಒಂದು ಸಂಜೆ ಸೊಸೆಯೊಂದಿಗೆ ನನ್ನ ದವಾಖಾನೆಗೆ ಬಂದರು. "ಮೊಣಕಾಲು ಬ್ಯಾನಿ" ಎಂದರು. ಗುಳಿಗೆ ಬರೆದುಕೊಟ್ಟ ಮೇಲೂ ಎದ್ದು ಹೋಗಲಿಲ್ಲ. ಕೊನೆಗೆ ಸೊಸೆಯೇ ಬಾಯಿ ಬಿಟ್ಟಳು: "ಅತ್ತಿಯವರಿಗೆ ಎದಿ ಮ್ಯಾಲೆ ಕಜ್ಜಿ ಆಗೇತ್ರಿ ಸಾಹೇಬ್ರ. ಎಂಟು ತಿಂಗಳಾತು. ಯಾರ ಮುಂದೂ ಹೇಳಬ್ಯಾಡ ಅಂತಾರ್ರಿ."

ನರ್ಸ್ ಎದುರಿನಲ್ಲಿ ಪರೀಕ್ಷಿಸಿದೆ. ಬಲ ಸ್ತನದ ತೊಟ್ಟು ಕೆಂಪಾಗಿ, ಹಕ್ಕಳೆ ಕಟ್ಟಿ, ಸ್ವಲ್ಪ ಒಳಸೇರಿತ್ತು. ಎಡ ಸ್ತನದಲ್ಲಿ ಏನೂ ಇರಲಿಲ್ಲ. ಅಷ್ಟು ದಿನ ಅವರು ಔಷಧಿ ಅಂಗಡಿಯಿಂದ ಮೂರು ಬಗೆಯ ಮುಲಾಮು ತರಿಸಿ ಹಚ್ಚಿದ್ದರು. ಹಚ್ಚಿದಾಗ ತುರಿಕೆ ತಗ್ಗುತ್ತಿತ್ತು, ಬಿಟ್ಟರೆ ಮರಳಿ ಬರುತ್ತಿತ್ತು.

ಅದೇ ವಾರ ತಿಕೋಟಾದಿಂದ ಒಬ್ಬ ಬಾಣಂತಿ ಬಂದಿದ್ದಳು. ಎರಡೂ ತೊಟ್ಟುಗಳ ಸುತ್ತ ಕೆಂಪು, ತುರಿಕೆ, ಸಣ್ಣ ಬಿರುಕು. "ಕ್ಯಾನ್ಸರ್ ಏನ್ರಿ? ಕೂಸಿಗೆ ಹಾಲು ಬಿಡಸ್ಲೇನ್ರಿ?" ಎಂದು ಅಳುತ್ತಿದ್ದಳು. ಆಕೆಗಾಗಿದ್ದು ಸಾಮಾನ್ಯ ಇಸಬು. ಹತ್ತು ದಿನಗಳಲ್ಲಿ ಗುಣವಾಯಿತು, ಹಾಲು ಬಿಡಿಸುವ ಪ್ರಸಂಗವೂ ಬರಲಿಲ್ಲ.

ಅಂಜುವ ಕಾರಣವಿಲ್ಲದವಳು ಅಂಜಿದ್ದಳು; ಅಂಜಬೇಕಾದವರು ಮುಚ್ಚಿಟ್ಟಿದ್ದರು. ಇವೆರಡರ ನಡುವಿನ ವ್ಯತ್ಯಾಸವನ್ನು ಪ್ರತಿಯೊಂದು ಮನೆಯವರೂ ತಿಳಿದಿರಬೇಕು.

ಇಸಬು ಎಂದರೇನು?

ಇಸಬು ಚರ್ಮದ ಉರಿಯೂತ. ಮೊದಲು ತುರಿಕೆ ಮತ್ತು ಕೆಂಪು, ನಂತರ ನೀರು ಒಸರುವುದು, ಹಕ್ಕಳೆ ಕಟ್ಟುವುದು; ಬಹಳ ದಿನ ಉಳಿದರೆ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ. ಇದು ಅಂಟುರೋಗವಲ್ಲ. ತಾಯಿಯಿಂದ ಮಗುವಿಗಾಗಲಿ, ಹೆಂಡತಿಯಿಂದ ಗಂಡನಿಗಾಗಲಿ ತಗಲುವುದಿಲ್ಲ. ಸ್ತನದಲ್ಲಿ ಇದು ಸಾಮಾನ್ಯವಾಗಿ ತೊಟ್ಟಿನ ಸುತ್ತಲಿನ ಕಪ್ಪು ವರ್ತುಲದಲ್ಲಿ ಆರಂಭವಾಗುತ್ತದೆ. ಹೆಚ್ಚಾಗಿ ಎರಡೂ ಕಡೆ ಕಾಣಿಸಿಕೊಳ್ಳುತ್ತದೆ.

ಯಾಕೆ ಬರುತ್ತದೆ?

ಕೆಲವರಿಗೆ ಹುಟ್ಟಿನಿಂದಲೇ ಸೂಕ್ಷ್ಮ ಚರ್ಮ. ಚಿಕ್ಕಂದಿನಲ್ಲಿ ಇಸಬು ಇದ್ದವರಿಗೆ, ಮನೆತನದಲ್ಲಿ ಅಸ್ತಮಾ ಅಥವಾ ಅಲರ್ಜಿ ಇರುವವರಿಗೆ ಇದು ಬೇಗ ಬರುತ್ತದೆ. ಉಳಿದವರಲ್ಲಿ ಚರ್ಮಕ್ಕೆ ತಾಗುವ ವಸ್ತುವೇ ಕಾರಣ: ಖಾರವಾದ ಸಾಬೂನು, ಬಟ್ಟೆಯಲ್ಲಿ ಉಳಿದ ಸೋಪಿನ ಪುಡಿ, ಸುವಾಸನೆಯ ಪೌಡರ್, ಹೊಸ ಬ್ರಾದ ಬಣ್ಣ ಅಥವಾ ಇಲಾಸ್ಟಿಕ್, ನೈಲಾನ್ ಬಟ್ಟೆ.

ನಮ್ಮ ಭಾಗದ ಬೇಸಿಗೆಯ ಬೆವರು ಮತ್ತು ಬಿಗಿಯಾದ ಕುಪ್ಪಸದ ತಿಕ್ಕಾಟ ಇದನ್ನು ಹೆಚ್ಚಿಸುತ್ತವೆ. ತಿಕೋಟಾ ಸುತ್ತಮುತ್ತ ಒಣದ್ರಾಕ್ಷಿ ಮಾಡುವಾಗ ಹಸಿ ಹಣ್ಣನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಎಣ್ಣೆ ಬೆರೆಸಿದ ದ್ರಾವಣದಲ್ಲಿ ಅದ್ದುತ್ತಾರೆ. ಈ ಕ್ಷಾರ ಚರ್ಮಕ್ಕೆ ಒಳ್ಳೆಯದಲ್ಲ. ದ್ರಾವಣದಿಂದ, ಇಲ್ಲವೆ ತೋಟದಲ್ಲಿ ಸಿಂಪಡಿಸಿದ ಔಷಧಿಯಿಂದ ಒದ್ದೆಯಾದ ಕುಪ್ಪಸವನ್ನು ಇಡೀ ದಿನ ಮೈಮೇಲೆ ಇಟ್ಟುಕೊಳ್ಳಬಾರದು.

ಬಾಣಂತಿಯರಲ್ಲಿ ಮಗುವಿನ ಜೊಲ್ಲು, ಮಗು ತೊಟ್ಟನ್ನು ಸರಿಯಾಗಿ ಬಾಯಲ್ಲಿ ಹಿಡಿಯದಿರುವುದು, ಮಗು ಅನ್ನ ತಿನ್ನಲು ಆರಂಭಿಸಿದ ಮೇಲೆ ಬಾಯಲ್ಲಿ ಉಳಿದ ಆಹಾರದ ಕಣಗಳು ಕಾರಣವಾಗಬಹುದು.

ತುರಿಸುವುದೆಲ್ಲ ಇಸಬಲ್ಲ ಎಂಬುದನ್ನೂ ನೆನಪಿಡಬೇಕು. ರಾತ್ರಿ ತುರಿಕೆ ಹೆಚ್ಚಾಗಿ, ಮನೆಯಲ್ಲಿ ಇತರರಿಗೂ ತುರಿಕೆ ಇದ್ದರೆ ಅದು ತುರಿಕಜ್ಜಿ ಇರಬಹುದು. ಸ್ತನದ ಕೆಳಗಿನ ಮಡಿಕೆಯಲ್ಲಿ ಕೆಂಪಾಗಿ ಹಸಿಯಾದರೆ, ಉಂಗುರದಂತೆ ಅಂಚು ಕಟ್ಟಿ ಹರಡಿದರೆ, ಅದು ಹೆಚ್ಚಾಗಿ ಶಿಲೀಂಧ್ರದ ಸೋಂಕು. ಇವುಗಳ ಚಿಕಿತ್ಸೆಯೇ ಬೇರೆ.

ಮನೆಯಲ್ಲಿ ಏನು ಮಾಡಬೇಕು?

ತೊಟ್ಟಿಗೆ ಸಾಬೂನು ಹಚ್ಚುವುದನ್ನು ನಿಲ್ಲಿಸಿ, ಬರಿ ನೀರಿನಿಂದ ತೊಳೆಯಿರಿ. ಉಜ್ಜದೆ, ಮೆತ್ತಗಿನ ಹತ್ತಿ ಬಟ್ಟೆಯಿಂದ ಒತ್ತಿ ಒರೆಸಿ. ಸ್ನಾನವಾದ ಕೂಡಲೇ ಸುವಾಸನೆಯಿಲ್ಲದ ಪೆಟ್ರೋಲಿಯಂ ಜೆಲ್ಲಿಯನ್ನು ತೆಳುವಾಗಿ ಲೇಪಿಸಿ. ಸಡಿಲವಾದ ಹತ್ತಿಯ ಒಳ ಉಡುಪು ಧರಿಸಿ. ಕೊಳವೆಬಾವಿಯ ಗಡಸು ನೀರಿನಲ್ಲಿ ಸೋಪು ಸುಲಭವಾಗಿ ಬಿಡುವುದಿಲ್ಲ. ಒಳ ಉಡುಪನ್ನು ಎರಡು ಸಲ ಹೆಚ್ಚು ಜಾಲಿಸಿ. ಉಗುರು ಕತ್ತರಿಸಿಕೊಳ್ಳಿ. ಸುಣ್ಣ, ಬೇವಿನ ರಸ, ಅರಿಶಿನದ ಲೇಪ, ಕ್ರಿಮಿನಾಶಕ ದ್ರಾವಣ ಯಾವುದನ್ನೂ ಹಚ್ಚಬೇಡಿ. ಉರಿಯುತ್ತಿರುವ ಚರ್ಮವನ್ನು ಇವು ಇನ್ನಷ್ಟು ಕೆರಳಿಸುತ್ತವೆ.

ಮುಲಾಮಿನ ವಿಷಯ

ಇಸಬಿಗೆ ಸ್ಟಿರಾಯ್ಡ್ ಮುಲಾಮು ಒಳ್ಳೆಯ ಔಷಧಿಯೇ. ಆದರೆ ಯಾವ ಬಲದ್ದು, ಎಷ್ಟು ದಿನ ಎಂಬುದನ್ನು ವೈದ್ಯರೇ ಹೇಳಬೇಕು. ಸಾಮಾನ್ಯವಾಗಿ ಸೌಮ್ಯ ಮುಲಾಮನ್ನು ದಿನಕ್ಕೆ ಒಂದೆರಡು ಸಲ, ಒಂದೆರಡು ವಾರ ಹಚ್ಚಿದರೆ ಸಾಕು. ಹಾಲೂಡಿಸುವ ತಾಯಂದಿರು ಹಾಲು ಕುಡಿಸಿದ ಕೂಡಲೇ ಹಚ್ಚಿ, ಮುಂದಿನ ಸಲಕ್ಕೆ ಮೊದಲು ಒರೆಸಿಕೊಳ್ಳಬೇಕು. ಹಾಲು ನಿಲ್ಲಿಸುವ ಅಗತ್ಯವಿಲ್ಲ. ಕೀವು, ಜ್ವರ, ಹೆಚ್ಚು ನೋವು ಇದ್ದರೆ ಮಾತ್ರ ತಡಮಾಡದೆ ತೋರಿಸಬೇಕು.

ಔಷಧಿ ಅಂಗಡಿಯಲ್ಲಿ "ತುರಿಕೆಗೆ ಒಂದು ಟ್ಯೂಬ್ ಕೊಡ್ರಿ" ಎಂದು ಕೇಳಿ ತರುವ ಅಭ್ಯಾಸ ಅಪಾಯಕಾರಿ. ಅಂಥ ಅನೇಕ ಮುಲಾಮುಗಳಲ್ಲಿ ಪ್ರಬಲ ಸ್ಟಿರಾಯ್ಡ್ ಬೆರೆತಿರುತ್ತದೆ. ಅದು ಚರ್ಮವನ್ನು ತೆಳುವಾಗಿಸುತ್ತದೆ, ಶಿಲೀಂಧ್ರವನ್ನು ಬೆಳೆಸುತ್ತದೆ, ಒಳಗಿನ ರೋಗವನ್ನು ಮರೆಮಾಚುತ್ತದೆ. 2018ರಲ್ಲಿ ಕೇಂದ್ರ ಸರ್ಕಾರ ಹಲವು ಸ್ಟಿರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿದ್ದು ಇಂಥ ದುರುಪಯೋಗ ತಡೆಯಲೆಂದೇ.

ಯಾವಾಗ ಎಚ್ಚರ ವಹಿಸಬೇಕು?

1874ರಲ್ಲಿ ಲಂಡನ್ನಿನ ಶಸ್ತ್ರವೈದ್ಯ ಸರ್ ಜೇಮ್ಸ್ ಪ್ಯಾಜೆಟ್ ತಾವು ಕಂಡ 15 ಮಹಿಳೆಯರ ವಿಷಯ ಬರೆದರು. ಎಲ್ಲರಿಗೂ ತೊಟ್ಟಿನಲ್ಲಿ ಇಸಬಿನಂಥ ಹುಣ್ಣು. ಎಲ್ಲರಿಗೂ ಎರಡು ವರ್ಷದೊಳಗೆ ಅದೇ ಸ್ತನದಲ್ಲಿ ಕ್ಯಾನ್ಸರ್. ಇದಕ್ಕೆ ಇಂದಿಗೂ ಪ್ಯಾಜೆಟ್ ಕಾಯಿಲೆ ಎಂದೇ ಹೆಸರು. ಇದು ಅಪರೂಪ. ಹೆಚ್ಚಾಗಿ 50 ದಾಟಿದವರಲ್ಲಿ, ಅತಿ ವಿರಳವಾಗಿ ಗಂಡಸರಲ್ಲಿಯೂ ಕಾಣುತ್ತದೆ.

ಇದರ ಲಕ್ಷಣಗಳು ಹೀಗಿವೆ: ಒಂದೇ ಸ್ತನದಲ್ಲಿ ಇರುವುದು. ತೊಟ್ಟಿನಲ್ಲೇ ಆರಂಭವಾಗಿ ಸುತ್ತಲಿನ ವರ್ತುಲಕ್ಕೆ ಹರಡುವುದು. ತೊಟ್ಟು ಚಪ್ಪಟೆಯಾಗುವುದು ಅಥವಾ ಒಳಸೇರುವುದು. ತೊಟ್ಟಿನಿಂದ ರಕ್ತ ಅಥವಾ ನೀರು ಬರುವುದು. ಸ್ತನದಲ್ಲಿ ಇಲ್ಲವೆ ಕಂಕುಳಲ್ಲಿ ಗಂಟು. ಗಂಟು ಕೈಗೆ ಸಿಗದಿದ್ದರೂ ಒಳಗೆ ಕ್ಯಾನ್ಸರ್ ಇರಬಹುದು. ಮುಲಾಮಿನಿಂದ ಕೆಲವು ದಿನ ತಗ್ಗಿತು ಎಂದ ಮಾತ್ರಕ್ಕೆ ಇದು ಪ್ಯಾಜೆಟ್ ಅಲ್ಲ ಎನ್ನಲಾಗದು.

ಸರಿಯಾದ ಚಿಕಿತ್ಸೆ ಮಾಡಿಯೂ ಎರಡು ಮೂರು ವಾರಗಳಲ್ಲಿ ಮಾಯದ, ಒಂದೇ ಕಡೆಯ ತೊಟ್ಟಿನ ಹುಣ್ಣಿಗೆ ಬಯಾಪ್ಸಿ ಮಾಡಿಸಲೇಬೇಕು. ಮೇಲೆ ಹೇಳಿದ ಬೇರೆ ಲಕ್ಷಣಗಳೂ ಇದ್ದರೆ ಅಷ್ಟು ದಿನವೂ ಕಾಯಬಾರದು. ಆ ಜಾಗಕ್ಕಷ್ಟೇ ಮರಗಟ್ಟಿಸುವ ಸೂಜಿ ಕೊಟ್ಟು, ಚರ್ಮದ ಸಣ್ಣ ತುಣುಕು ತೆಗೆದು ಪರೀಕ್ಷಿಸುತ್ತಾರೆ. ಮುಟ್ಟಿದರೆ ಕ್ಯಾನ್ಸರ್ ಹರಡುತ್ತದೆ ಎಂಬ ಮಾತು ನಿಜವಲ್ಲ. ಜೊತೆಗೆ ಮ್ಯಾಮೋಗ್ರಾಂ ಬೇಕಾಗುತ್ತದೆ. ಇದಕ್ಕಾಗಿ ವಿಜಯಪುರದ ಜಿಲ್ಲಾ ಆಸ್ಪತ್ರೆ ಅಥವಾ ವೈದ್ಯಕೀಯ ಕಾಲೇಜು ಆಸ್ಪತ್ರೆಗಳಲ್ಲಿ ವಿಚಾರಿಸಬಹುದು. 30 ದಾಟಿದ ಮಹಿಳೆಯರ ಸ್ತನ ತಪಾಸಣೆ ಸರ್ಕಾರಿ ಆರೋಗ್ಯ ಕೇಂದ್ರಗಳ ಕಾರ್ಯಕ್ರಮದಲ್ಲಿಯೇ ಸೇರಿದೆ. ವೈದ್ಯರೆದುರು ಹೇಳಲು ಸಂಕೋಚವಾದರೆ ಮೊದಲು ನರ್ಸ್‌ಗೆ ಅಥವಾ ಊರಿನ ಆಶಾ ಕಾರ್ಯಕರ್ತೆಗೆ ಹೇಳಿ. ಮಹಿಳಾ ವೈದ್ಯರೇ ನೋಡಲಿ ಎಂದು ಕೇಳುವುದರಲ್ಲಿಯೂ ತಪ್ಪಿಲ್ಲ.

ಬಬಲೇಶ್ವರದ ಆ ತಾಯಿಯ ಬಯಾಪ್ಸಿಯಲ್ಲಿ ಪ್ಯಾಜೆಟ್ ಎಂದೇ ಬಂತು. ಶಸ್ತ್ರಚಿಕಿತ್ಸೆಯಾಯಿತು. ರೋಗ ಸ್ತನದಾಚೆ ಹೋಗಿರಲಿಲ್ಲ. ಈಗಲೂ ತಪಾಸಣೆಗೆ ತಪ್ಪದೆ ಬರುತ್ತಾರೆ, ಸೊಸೆಯ ಜೊತೆಗೇ. ಅಂದು ಆ ಸೊಸೆ ಬಾಯಿ ಬಿಡದಿದ್ದರೆ ನಾನು ಮೊಣಕಾಲಿಗೆ ಗುಳಿಗೆ ಕೊಟ್ಟು ಕಳಿಸಿಬಿಡುತ್ತಿದ್ದೆ. ನಿಮ್ಮ ಮನೆಯ ಹಿರಿಯ ಹೆಣ್ಣುಮಕ್ಕಳನ್ನೂ ಒಮ್ಮೆ ಕೇಳಿ ನೋಡಿ.