ಮೋರೇರ ಮನೆಗಳು: ಜಮೀನಿನೊಳಗೆ ಮರೆತುಹೋದ ಮಸಣ

ಹೊಸದಾಗಿ ಅಡಿಕೆ ಇಡಲು ಹೊರಟವರು ಮೊದಲು ಮಣ್ಣು ನೋಡುತ್ತಾರೆ, ಆಮೇಲೆ ನೀರು ನೋಡುತ್ತಾರೆ. ಕಲ್ಲನ್ನು ಯಾರೂ ನೋಡುವುದಿಲ್ಲ. ಕಲ್ಲೆಂದರೆ ತೆಗೆದು ಬದುವಿಗೆ ಹಾಕಬೇಕಾದ ವಸ್ತು ಎಂಬುದಷ್ಟೇ ನಮ್ಮ ಲೆಕ್ಕ. ಆದರೆ ಎಲ್ಲ ಕಲ್ಲೂ ತಾನಾಗಿ ಬಂದು ಬಿದ್ದದ್ದಲ್ಲ. ಕೆಲವನ್ನು ಜನ ತಂದು, ನಿಲ್ಲಿಸಿ, ಅದರೊಳಗೆ ತಮ್ಮ ಹಿರಿಯರನ್ನು ಮಲಗಿಸಿ ಹೋಗಿದ್ದಾರೆ. ಹೋಗಿ ಎರಡೂವರೆ, ಮೂರು ಸಾವಿರ ವರ್ಷಗಳಾಗಿವೆ. ಹೆಸರು ಹೇಳಿ ಎಡೆ ಇಡುವ ಸಂತತಿ ಇಲ್ಲದೆ ಅವು ಮಸಣ ಎಂಬುದೇ ನಮಗೆ ಮರೆತುಹೋಗಿದೆ.

ಉಚ್ಚಂಗಿದುರ್ಗದ ಹೆಸರು ಕೇಳದ ಸದಸ್ಯರು ನಮ್ಮಲ್ಲಿ ಕಡಿಮೆ. ಹುಣ್ಣಿಮೆಗೆ ಉಚ್ಚಂಗಮ್ಮನ ಗುಡ್ಡ ಹತ್ತಿ ಬರುವ ಕುಟುಂಬಗಳು ದಾವಣಗೆರೆ, ಚನ್ನಗಿರಿ ಕಡೆಯಲ್ಲಿ ಬೇಕಾದಷ್ಟಿವೆ. ಹರಪನಹಳ್ಳಿ ತಾಲ್ಲೂಕಿನ ಈ ದುರ್ಗ ಹನ್ನೆರಡನೆಯ ಶತಮಾನದಲ್ಲಿ ನೊಳಂಬವಾಡಿಯನ್ನು ಆಳಿದ ಪಾಂಡ್ಯರ ನೆಲೆ. ಹೊಯ್ಸಳ ವೀರಬಲ್ಲಾಳ ಅದೇ ಶತಮಾನದ ಕೊನೆಯ ಭಾಗದಲ್ಲಿ ಇದನ್ನು ಹಿಡಿದ. ತಾಲ್ಲೂಕು ಬಳ್ಳಾರಿಯಲ್ಲಿತ್ತು, 1997ರಲ್ಲಿ ದಾವಣಗೆರೆಗೆ ಬಂತು, ಮತ್ತೆ ಬಳ್ಳಾರಿಗೆ ಹೋಯಿತು, 2021ರಿಂದ ವಿಜಯನಗರ ಜಿಲ್ಲೆಯಲ್ಲಿದೆ. ರಾಜರ ಚರಿತ್ರೆಯೆಂದರೆ ಹೀಗೆಯೇ, ಗಡಿ ಬದಲಾದಂತೆ ಹೆಸರು ಬದಲಾಗುತ್ತದೆ. ನಾವು ಹೇಳಹೊರಟ ಜನ ಈ ಎಲ್ಲ ರಾಜರಿಗಿಂತ ಹಿಂದಿನವರು. ಅಶೋಕನಿಗೂ ಹಿಂದಿನವರು ಅವರಲ್ಲಿದ್ದಾರೆ.

ಜನ ಅವರನ್ನು ಮೋರೇರು ಎನ್ನುತ್ತಾರೆ, ಕೆಲವೆಡೆ ಮೋರಿಯರು ಎಂದೂ ಕರೆಯುತ್ತಾರೆ. ಮೋರೇರು ಮೂರಡಿ ಎತ್ತರದ ಕುಳ್ಳರಂತೆ. ಬೆಂಕಿಯ ಮಳೆ ಬೀಳುತ್ತದೆಂದು ತಿಳಿದು ಕಲ್ಲಿನ ಮನೆ ಕಟ್ಟಿಕೊಂಡರಂತೆ, ಆದರೂ ಮಳೆ ಸುರಿದು ಎಲ್ಲರೂ ಸತ್ತರಂತೆ. ಕೊಡಗಿನ ಕಡೆ ಇದೇ ಕಲ್ಲುಮನೆಗಳಿಗೆ ಪಾಂಡವರ ಹೆಸರು. ಕಥೆ ಹುಟ್ಟಿದ್ದಕ್ಕೆ ಕಾರಣ ಕಾಣದ್ದೇನಲ್ಲ. ನಾಲ್ಕು ಕಡೆ ಕಲ್ಲಿನ ಹಲಗೆ, ಮೇಲೊಂದು ಮುಚ್ಚುಗಲ್ಲು, ಒಂದು ಬದಿಗೆ ಒಂದೂವರೆ ಅಡಿ ಅಗಲದ ದುಂಡನೆಯ ಕಿಂಡಿ. ಇದು ಮನೆಯಾದರೆ ಕಿಂಡಿಯೇ ಬಾಗಿಲು, ಅದರಲ್ಲಿ ನುಗ್ಗಬೇಕಾದವನು ಕುಳ್ಳನೇ ಆಗಿರಬೇಕು. ಹಳ್ಳಿಯವರ ತರ್ಕದಲ್ಲಿ ದೋಷವಿಲ್ಲ, ಮನೆ ಎಂದುಕೊಂಡದ್ದೊಂದೇ ವ್ಯತ್ಯಾಸ.

ಅದು ಮನೆಯಲ್ಲ, ಸಮಾಧಿ ಎಂಬುದನ್ನು ನಮ್ಮ ನಾಡಿನಲ್ಲಿ ಅಗೆದು ತೋರಿಸಿದವರಲ್ಲಿ ಮೊದಲಿಗರು ಮೆಡೋಸ್ ಟೇಲರ್. ಹತ್ತೊಂಬತ್ತನೆಯ ಶತಮಾನದ ಮಧ್ಯದಲ್ಲಿ ಸುರಪುರದ ಆಡಳಿತ ನೋಡಿಕೊಳ್ಳುತ್ತಿದ್ದ ಅವರು ರಾಜನಕೋಳೂರು, ಜೇವರ್ಗಿ ಸುತ್ತಿನ ಕಲ್ಲುಗುಪ್ಪೆಗಳನ್ನು ತೆರೆಸಿ, ಸಿಕ್ಕಿದ್ದನ್ನು ಚಿತ್ರಸಹಿತ ಬರೆದಿಟ್ಟರು. ಅದಾದ ಮೇಲೆ ಹೆಸರಾದದ್ದು ನಮ್ಮ ನೆರೆಯ ಮೊಳಕಾಲ್ಮುರು ತಾಲ್ಲೂಕಿನ ಬ್ರಹ್ಮಗಿರಿ. ಅಲ್ಲಿ ಅಶೋಕನ ಶಾಸನವನ್ನು 1892ರಲ್ಲಿ ಬಿ. ಎಲ್. ರೈಸ್ ಪತ್ತೆಮಾಡಿದ್ದರು. 1947ರಲ್ಲಿ ಮಾರ್ಟಿಮರ್ ವೀಲರ್ ಅದೇ ಜಾಗದ ಗೋರಿಗಳನ್ನು ಅಗೆಸಿದರು. ತೋಟಗಾರನ ಕಣ್ಣಿಗೆ ಆ ಕೆಲಸದ ಅಚ್ಚುಕಟ್ಟು ಬೆರಗು ತರಿಸುತ್ತದೆ. ನಾಲ್ಕು ಹಲಗೆಗಳನ್ನು ಒಂದರ ತುದಿ ಇನ್ನೊಂದರ ಆಚೆಗೆ ಚಾಚುವಂತೆ, ಮೇಲಿಂದ ನೋಡಿದರೆ ಸ್ವಸ್ತಿಕದ ಹಾಗೆ ನಿಲ್ಲಿಸಿದ್ದಾರೆ. ಹೊರಗಿನ ಮಣ್ಣು ಒಳಕ್ಕೆ ತಳ್ಳಿದಷ್ಟೂ ಒಂದು ಹಲಗೆ ಇನ್ನೊಂದನ್ನು ಬಿಗಿಯಾಗಿ ಹಿಡಿಯುತ್ತದೆ. ಗಾರೆ ಬೇಕಿಲ್ಲ. ಕಿಂಡಿ ಸಾಮಾನ್ಯವಾಗಿ ಮೂಡಲಿಗೆ.

ಒಳಗೆ ಇಡೀ ಹೆಣ ಇರಲಿಲ್ಲ, ಆಯ್ದ ಎಲುಬುಗಳಿದ್ದವು. ಸತ್ತವರನ್ನು ಮೊದಲು ಬೇರೆಡೆ ಇರಿಸಿ, ಎಲುಬು ಬಿಡಿಯಾದ ಮೇಲೆ ಆರಿಸಿ ತಂದು ಕಿಂಡಿಯ ಮೂಲಕ ಇಡುತ್ತಿದ್ದರು. ಕಿಂಡಿ ದುಂಡಗೆ, ಕಿರಿದಾಗಿರುವುದಕ್ಕೆ ಅದೇ ಉತ್ತರ. ಜೊತೆಗೆ ಮಡಿಕೆಗಳು, ಕಬ್ಬಿಣದ ಆಯುಧ, ಮಣಿ. ಮಡಿಕೆಗಳು ಒಳಗೆ ಮತ್ತು ಕಂಠದಲ್ಲಿ ಕಪ್ಪು, ಹೊರಗೆ ಕೆಂಪು. ಆವಿಗೆಯಲ್ಲಿ ಬೋರಲು ಹಾಕಿ ಸುಟ್ಟು, ಗಾಳಿ ತಾಗದ ಭಾಗ ಕಪ್ಪಾಗುವಂತೆ ಮಾಡಿದ ಹದ ಅದು. ಉಳುವಾಗ ಇಂಥ ಎರಡು ಬಣ್ಣದ, ನುಣುಪಾದ ಬೋಕಿ ಸಿಕ್ಕಿದರೆ ಆ ಹೊಲವನ್ನು ಒಮ್ಮೆ ನಿಂತು ನೋಡಬೇಕು.

ವೀಲರ್ ಈ ಗೋರಿಗಳ ಕಾಲವನ್ನು ಕ್ರಿ.ಪೂ. 200ರಿಂದ ಈಚೆಗೆ ಎಂದು ಹಾಕಿದ್ದರು. ಆಮೇಲಿನ ಅಗೆತಗಳು ಕಾಲವನ್ನು ಬಹಳ ಹಿಂದಕ್ಕೆ ತಳ್ಳಿದವು. 1965ರಲ್ಲಿ ಎಂ. ಎಸ್. ನಾಗರಾಜ ರಾವ್ ಅವರು ತುಂಗಭದ್ರೆಯ ದಡದ ಹಳ್ಳೂರಿನಲ್ಲಿ ನಡೆಸಿದ ಅಗೆತದಲ್ಲಿ ದೊರೆತ ಕಬ್ಬಿಣ ಕ್ರಿ.ಪೂ. ಒಂದು ಸಾವಿರದ ಆಸುಪಾಸಿನದೆಂದು ತಿಳಿಯಿತು. ಹರಿಹರ ತಾಲ್ಲೂಕಿನ ಕೊಮಾರನಹಳ್ಳಿಯ ಮಡಿಕೆಗಳ ಪರೀಕ್ಷೆಯೂ ಅದಕ್ಕಿಂತ ಹಿಂದಕ್ಕೇ ಬೆರಳು ತೋರಿಸಿತು. ಈಗ ಅಡಿಕೆ ಮರ ನಿಂತಿರುವ ಸೀಮೆಯಲ್ಲೇ ಆ ಕಾಲದಲ್ಲಿ ಕಬ್ಬಿಣ ಕಾಯಿಸಿ ಬಡಿಯುತ್ತಿದ್ದರು. ಹುರಳಿ, ಹೆಸರು, ಕೊರಲೆ ಬೆಳೆಯುವುದು ಈ ಬಯಲಿನಲ್ಲಿ ಅದಕ್ಕೂ ಹಳೆಯದು. ಮೋರೇರು ಬೇರೆ ಯಾರೋ ಕುಳ್ಳರಲ್ಲ, ನಮ್ಮ ಹಾಗೆ ಮಳೆಗಾಗಿ ಮುಗಿಲು ನೋಡುತ್ತಿದ್ದ ಒಕ್ಕಲಿನವರು.

ಹೊಸ ತೋಟಕ್ಕೆ ಸಸಿ ಬೇಕೆಂದು ಸಂಘಕ್ಕೆ ಬಂದಿದ್ದ ಸದಸ್ಯರೊಬ್ಬರು ಹೇಳಿದ ಮೇಲೆ ನಾವು ಅವರ ಬೀಗರ ಜಮೀನಿಗೆ ಹೋಗಿದ್ದೆವು. ಉಚ್ಚಂಗಿದುರ್ಗದಿಂದ ಆಚೆ, ಕೂಡ್ಲಿಗಿಯ ದಿಕ್ಕಿಗೆ, ಊರಿನಿಂದ ಎರಡು ಮೈಲಿ ಒಳಗೆ ಗುಡ್ಡದ ಬುಡದಲ್ಲಿದೆ ಆ ಹೊಲ. ಗಾಡಿದಾರಿ ಮುಗಿದ ಮೇಲೆ ನಡೆದೇ ಹೋಗಬೇಕು. ಕೊಳವೆಬಾವಿಗೆ ನೀರು ಬಿದ್ದಿತ್ತು. ಮಗ ಎರಡು ಎಕರೆ ಅಡಿಕೆ ಇಡಲು ಸಾಲ ಮಾಡಿ, ಬಳ್ಳಾರಿ ಜಾಲಿ ಕೀಳಿಸಲು ಜೆ.ಸಿ.ಬಿ. ತರಿಸಿದ್ದ. ಜಾಲಿ ಕಿತ್ತಾಗ ಕೆಳಗೆ ಕಲ್ಲಿನ ಬಳೆಗಳು ಕಾಣಿಸಿದವು. ಎಂಟು ಹತ್ತು ಹೆಜ್ಜೆ ಅಗಲದ ಸುತ್ತುಗಳು ಐದು, ಒಂದರ ನಡುವೆ ಮಗುಚಿ ಬಿದ್ದ ಕಿಂಡಿಯ ಹಲಗೆ. ತಂದೆ ಯಂತ್ರದ ಮುಂದೆ ಹೋಗಿ ನಿಂತುಬಿಟ್ಟರಂತೆ.

"ಇವು ಮೋರೇರ ಮನಿ ರೀ. ನಮ್ಮ ಮುತ್ಯಾನ ಕಾಲದಾಗೂ ಇಲ್ಲಿ ನೇಗಿಲ ಹೂಡಿಲ್ಲ. ಈಗ ಯಾಕ ಹೂಡಬೇಕು?" ಎಂದರು ಹಿರಿಯರು.

"ಅಪ್ಪಾ, ಸಾಲದ ಬಡ್ಡಿ ಮೋರೇರು ಕಟ್ತಾರೇನು?" ಎಂದ ಮಗ. ನಗು ಬಂದರೂ ನಗುವ ಹೊತ್ತಾಗಿರಲಿಲ್ಲ. ಅವನ ಮಾತೂ ನಿಜವೇ.

ನಾವು ಟೇಪು ಹಿಡಿದು ಅಳೆದೆವು. ಐದು ಸುತ್ತುಗಳೂ ಹೊಲದ ಒಂದೇ ಮೂಲೆಯಲ್ಲಿದ್ದವು, ಸುತ್ತ ಸ್ವಲ್ಪ ಜಾಗ ಬಿಟ್ಟು ಲೆಕ್ಕ ಹಾಕಿದರೆ ಹದಿನಾಲ್ಕು ಗುಂಟೆ. ಒಂಬತ್ತು ಅಡಿ ಅಂತರದಲ್ಲಿ ಎಕರೆಗೆ ಸುಮಾರು 540 ಗಿಡ ಕೂರುತ್ತವೆ, ಅಂದರೆ ಹದಿನಾಲ್ಕು ಗುಂಟೆಗೆ ಸುಮಾರು 190 ಗಿಡ. ಇದು ಸಣ್ಣ ಮಾತಲ್ಲ. ಆದರೆ ಆ ಮೂಲೆಯ ಮಣ್ಣನ್ನು ಹಾರೆಯಿಂದ ನೋಡಿದಾಗ ಮುಕ್ಕಾಲು ಅಡಿಗೇ ಗಟ್ಟಿ ಗರಸು ಬಂತು. ಅಲ್ಲಿ ಅಡಿಕೆ ಇಟ್ಟರೆ ಗುಂಡಿಯೊಂದಕ್ಕೆ ಎರಡು ಗಾಡಿ ಹೊರಮಣ್ಣು ಬೇಕು, ಬೇಸಿಗೆಯಲ್ಲಿ ಮೊದಲು ಬಾಡುವುದೂ ಅದೇ ಸಾಲು. ಇದನ್ನು ಹೇಳಿದ ಮೇಲೆ ಮಗನ ಮುಖ ಸ್ವಲ್ಪ ಸಡಿಲವಾಯಿತು.

ಈ ಗರಸಿನ ವಿಷಯ ಆಕಸ್ಮಿಕವಲ್ಲವೆಂದು ನಮ್ಮ ಅನಿಸಿಕೆ. ಹಿರೇಬೆಣಕಲ್ಲಿನಲ್ಲಾಗಲಿ ಬ್ರಹ್ಮಗಿರಿಯಲ್ಲಾಗಲಿ ಈ ಗೋರಿಗಳು ಬಂಡೆಯ ಮಗ್ಗುಲಲ್ಲಿ ಇವೆ. ಸತ್ತವರಿಗೆ ಕಲ್ಲುನೆಲ, ಬದುಕಿರುವವರಿಗೆ ಎರೆನೆಲ. ಉಳುವ ಭೂಮಿಯನ್ನು ಹಾಳುಮಾಡದ ಒಕ್ಕಲುತನದ ಬುದ್ಧಿ ಅಲ್ಲಿ ಕಾಣುತ್ತದೆ. ನೇಗಿಲಿಗೆ ಬೇಡವಾದ ನೆಲವಾದ್ದರಿಂದಲೇ ಅವು ಇಷ್ಟು ಕಾಲ ಉಳಿದವು. ಕೊಳವೆಬಾವಿ, ಹನಿ ನೀರಾವರಿ, ಜೆ.ಸಿ.ಬಿ. ಮೂರೂ ಕೂಡಿದ ಮೇಲೆ ಬೇಡವಾದ ನೆಲ ಎಂಬುದೇ ಇಲ್ಲವಾಗಿದೆ. ಮೂರು ಸಾವಿರ ವರ್ಷ ನಿಂತದ್ದು ಒಂದು ಮಧ್ಯಾಹ್ನದ ಬಾಡಿಗೆಯಲ್ಲಿ ಹೋಗುತ್ತದೆ.

ಅವರ ಶ್ರಮದ ಅಂದಾಜು ಬೇಕೆಂದರೆ ಒಂದು ಲೆಕ್ಕ ನೋಡಿ. ಹತ್ತು ಅಡಿ ಉದ್ದ, ಎಂಟು ಅಡಿ ಅಗಲ, ಮುಕ್ಕಾಲು ಅಡಿ ದಪ್ಪದ ಮುಚ್ಚುಗಲ್ಲು ಎಂದರೆ ಅರವತ್ತು ಘನ ಅಡಿ ಕಣಶಿಲೆ, ಹತ್ತಿರ ಹತ್ತಿರ ನಾಲ್ಕೂವರೆ ಟನ್. ಒಂದು ಲಾರಿಗೆ ಅರ್ಧ ಹೊರೆ. ಗಂಗಾವತಿಯ ಬಳಿಯ ಹಿರೇಬೆಣಕಲ್ಲಿನಲ್ಲಿ ಇಂಥ ಕಟ್ಟಡಗಳು ನಾನೂರಕ್ಕೂ ಮಿಕ್ಕಿ ಇವೆ. ಅಲ್ಲಿ ಬಂಡೆಯ ತುದಿಗೆ ಕೂರಿಸಿದ ಕಲ್ಲಿನ ನಗಾರಿಯೊಂದಿದೆ, ಬಡಿದರೆ ದೂರಕ್ಕೆ ಕೇಳುತ್ತದೆ. 2021ರಲ್ಲಿ ಆ ಜಾಗ ಯುನೆಸ್ಕೋದ ತಾತ್ಕಾಲಿಕ ಪಟ್ಟಿ ಸೇರಿತು. ಅಷ್ಟು ದೂರ ಹೋಗಲಾರದವರು ಕೂಡ್ಲಿಗಿ ತಾಲ್ಲೂಕಿನ ಕುಮತಿಗೆ ಹೋಗಿ ಬರಬಹುದು. ಅಲ್ಲಿ ಭುಜವೆತ್ತಿ ನಿಂತ ಮನುಷ್ಯನ ಹೊರರೇಖೆಯಂತೆ ಕಡೆದ ಭಾರಿ ಕಲ್ಲುಹಲಗೆಗಳಿವೆ. ಕಣ್ಣಿಲ್ಲ, ಮೂಗಿಲ್ಲ, ಆದರೂ ಯಾರೋ ಕಾವಲಿದ್ದಾರೆ ಎಂಬ ಭಾವನೆ ಬಾರದಿರದು. ತಮಿಳುನಾಡಿನ ಮೊಟ್ಟೂರಿನಲ್ಲೂ ಇದರ ಬಂಧು ಕಲ್ಲೊಂದು ಸುತ್ತಿನ ನಡುವೆ ನಿಂತಿದೆ.

ಇದು ಬಯಲುಸೀಮೆಯ ಸಂಗತಿ, ನಮಗೇನು ಎಂದು ಕಾಫಿ ಬೆಳೆಗಾರರು ಅನ್ನಬೇಕಾಗಿಲ್ಲ. ಕೊಡಗಿನಲ್ಲಿ 1854ರಲ್ಲಿ ಮಡಿಕೇರಿಯ ಬಳಿ ಯುರೋಪಿಯನರ ಮೊದಲ ತೋಟ ಎದ್ದು, ಕಾಡು ಕಡಿದು ಕಾಫಿ ಹಬ್ಬುತ್ತಿದ್ದ ಕಾಲದಲ್ಲೇ, 1868ರ ಸುಮಾರಿಗೆ ವಿರಾಜಪೇಟೆಯ ಬಳಿಯೂ ಮೋರಿಬೆಟ್ಟದಲ್ಲಿಯೂ ಇಂಥ ಗೋರಿಗಳನ್ನು ಅಂದಿನ ಅಧಿಕಾರಿಗಳು ಗುರುತಿಸಿದರು. ಎಷ್ಟು ಹಲಗೆಗಳು ಅಷ್ಟರಲ್ಲೇ ತೊರೆಗೆ ಅಡ್ಡ ಸಂಕವಾಗಿದ್ದವೋ ಲೆಕ್ಕವಿಟ್ಟವರಾರು! ಹಳೆಯ ತೋಟಗಳಲ್ಲಿ ಜ್ವರಕ್ಕೆ ಸತ್ತ ಇಂಗ್ಲಿಷ್ ತೋಟಗಾರರ ಗೋರಿಗಳೂ ಕಾಫಿ ಗಿಡಗಳ ಮಧ್ಯೆ ಪಾಚಿ ಹಿಡಿದು ಕುಳಿತಿವೆ. ಅವುಗಳ ಮೇಲಾದರೂ ಅಕ್ಷರವಿದೆ, ಹುಡುಕಿಕೊಂಡು ಬರುವ ಮೊಮ್ಮಕ್ಕಳಿದ್ದಾರೆ.

ಇನ್ನು ಸದಸ್ಯರ ಮುಖ್ಯ ಅಂಜಿಕೆ. ಹೇಳಿದರೆ ಸರ್ಕಾರ ಜಮೀನು ಕಿತ್ತುಕೊಳ್ಳುತ್ತದೆ ಎಂಬ ಮಾತು ಊರೂರಲ್ಲಿದೆ, ಆ ಮಾತಿನಿಂದಲೇ ರಾತ್ರೋರಾತ್ರಿ ಕಲ್ಲುಗಳು ಮಾಯವಾಗುತ್ತವೆ. ಗೋರಿ ಕಂಡ ಮಾತ್ರಕ್ಕೆ ಯಾವ ಜಮೀನೂ ಸರ್ಕಾರದ್ದಾಗುವುದಿಲ್ಲ. 1958ರ ಕೇಂದ್ರ ಕಾಯಿದೆಯಾಗಲಿ ರಾಜ್ಯದ 1961ರ ಕಾಯಿದೆಯಾಗಲಿ ನಡೆಯುವುದು ಅಧಿಸೂಚನೆಯಾಗಿ ರಕ್ಷಿತ ಎಂದು ಘೋಷಣೆಯಾದ ಜಾಗಕ್ಕೆ. ಖಾಸಗಿ ಒಡೆತನವಿದ್ದರೆ ಒಡೆಯನೊಡನೆ ಒಪ್ಪಂದ ಮಾಡಿಕೊಂಡು ಕಾಪಾಡುವ ದಾರಿಯೂ ಕೇಂದ್ರ ಕಾಯಿದೆಯಲ್ಲಿದೆ. ಹಾಗೆಂದು ಕಷ್ಟವೇ ಇಲ್ಲವೆಂದು ಹೇಳಿದರೆ ಸುಳ್ಳಾದೀತು. ಕೇಂದ್ರದ ರಕ್ಷಿತ ಸ್ಮಾರಕವಾದರೆ 2010ರ ತಿದ್ದುಪಡಿಯ ಪ್ರಕಾರ ಸುತ್ತ ನೂರು ಮೀಟರ್ ಒಳಗೆ ಹೊಸ ಕಟ್ಟಡಕ್ಕೆ ನಿಷೇಧವಿದೆ, ಅದರಾಚೆ ಇನ್ನೂ ಇನ್ನೂರು ಮೀಟರಿಗೆ ಅನುಮತಿ ಬೇಕು. ಮನೆ, ಗೋದಾಮು ಕಟ್ಟುವ ಯೋಚನೆ ಇದ್ದವರು ಇದನ್ನು ತಿಳಿದಿರಬೇಕು. ಮತ್ತೊಂದು ಕಡೆ, ಪಟ್ಟಿಯಲ್ಲಿ ಇಲ್ಲದ ಗೋರಿಗೆ ಒಡೆಯನ ಮನಸ್ಸಿನ ಹೊರತು ಬೇರೆ ಕಾವಲಿಲ್ಲ.

ನಿಧಿಯ ಆಸೆಯವರಿಗೂ ಒಂದು ಮಾತು. ಬ್ರಹ್ಮಗಿರಿಯಲ್ಲಿ ಶಾಸ್ತ್ರೀಯವಾಗಿ ಅಗೆದವರಿಗೆ ಮುಖ್ಯವಾಗಿ ದೊರೆತದ್ದು ಮಡಿಕೆ, ತುಕ್ಕು ಹಿಡಿದ ಕಬ್ಬಿಣ, ಎಲುಬು, ಮಣಿ. ಅಮಾವಾಸ್ಯೆಯ ರಾತ್ರಿ ನಿಂಬೆಹಣ್ಣು ಕೊಯ್ದು ಅಗೆದವರಿಗೆ ಹೆಚ್ಚಿಗೆ ಸಿಕ್ಕೀತೆಂದು ನಾವು ನಂಬುವುದಿಲ್ಲ. ನಿಜವಾಗಿ ನಿಧಿ ಸಿಕ್ಕರೂ 1962ರ ರಾಜ್ಯದ ನಿಧಿ ಕಾಯಿದೆಯಂತೆ ಜಿಲ್ಲಾಧಿಕಾರಿಗಳಿಗೆ ತಿಳಿಸಲೇಬೇಕು.

ಹಿರಿಯರ ಹೊಲದಲ್ಲಿ ಕೊನೆಗೆ ಆದದ್ದಿಷ್ಟು: ಹದಿನಾಲ್ಕು ಗುಂಟೆಗೆ ಕತ್ತಾಳೆಯ ಬೇಲಿ, ಗುಂಡಿಯ ಸಾಲು ಬೇಲಿಯಿಂದ ಈಚೆಗೆ. ಕಡಿಮೆಯಾದ ಗಿಡಗಳಿಗೆ ಬದಲಾಗಿ ಬದುವಿನ ಮೇಲೆ ತೆಂಗು ಇಡುವುದೆಂದು ಮಗ ಒಪ್ಪಿದ. ಮಗುಚಿದ ಹಲಗೆಯನ್ನು ನೆಟ್ಟಗೆ ನಿಲ್ಲಿಸಬೇಕೆಂದು ತಂದೆಗೆ ಆಸೆಯಿತ್ತು, ಬಿದ್ದಂತೆಯೇ ಇರಲೆಂದು ನಾವು ತಡೆದೆವು. ಅಲುಗಿಸಿದ ಮೇಲೆ ಅದರ ಕೆಳಗಿನ ಮಣ್ಣನ್ನು ಓದಬಲ್ಲವರಿಗೂ ಓದಲು ಏನೂ ಉಳಿಯುವುದಿಲ್ಲ.

ಇಂಥ ಸುತ್ತುಗಲ್ಲು, ಗುಪ್ಪೆ, ಕಿಂಡಿಯ ಹಲಗೆ ತಮ್ಮ ಜಮೀನಿನಲ್ಲಿ ಇರುವ ಸದಸ್ಯರು ಸರ್ವೆ ನಂಬರು, ಸುತ್ತುಗಳ ಎಣಿಕೆ, ಅಳತೆ ಬರೆದು, ಪಕ್ಕದಲ್ಲೊಂದು ಕೋಲು ನಿಲ್ಲಿಸಿ ತೆಗೆದ ಎರಡು ಮೂರು ಫೋಟೋ ಇಟ್ಟು, ಪುರಾತತ್ವ ಇಲಾಖೆಗೆ ಪತ್ರ ಬರೆಯಬಹುದು. ಹೇಗೆ ಬರೆಯಬೇಕೆಂದು ತೋಚದವರು ಸಂಘದ ಕಚೇರಿಗೆ ಬಂದರೆ ನಾವೇ ಬರೆದುಕೊಡುತ್ತೇವೆ. ಬೋಕಿ, ಮಣಿ, ಎಲುಬು ಆರಿಸಿ ತರುವುದು ಬೇಡ. ಸಿಕ್ಕಿದ ಜಾಗದಲ್ಲೇ ಬಿಟ್ಟು, ಜಾಗ ಗುರುತಿಟ್ಟುಕೊಂಡು ಬಂದರೆ ಸಾಕು.