ನಿಮಗಿದು ಗೊತ್ತೇ? ರಸ್ತೆಯಡಿಯ ನೀರಿನ ಪೈಪಿನ ಸಂಗತಿಗಳು

ಬೀದಿಯ ತುದಿಯಲ್ಲಿ ಜೆಸಿಬಿ ಬಂದು ನಿಂತರೆ ಬಡಾವಣೆಯವರ ಎದೆ ಧಸಕ್ಕೆನ್ನುತ್ತದೆ. ಗೇಟಿನ ಮುಂದೆ ಗುಂಡಿ, ಮನೆ ತುಂಬ ಧೂಳು, ಕಾರು ಪಕ್ಕದ ರಸ್ತೆಯಲ್ಲಿ. ವಿಚಾರಿಸಿದರೆ ಸಿಗುವ ಉತ್ತರ ಒಂದೇ: "ನೀರಿನ ಪೈಪು ಬದಲಾಯಿಸ್ತಾರಂತೆ." ಆ ಗುಂಡಿಯೊಳಗೆ ಬಗ್ಗಿ ನೋಡುವ ಕುತೂಹಲ ಇರುವವರಿಗಾಗಿ ಒಂದಿಷ್ಟು ಸಂಗತಿಗಳು.

ಸೋರಿಕೆಯ ಲೆಕ್ಕ

● ಪೈಪು ಬದಲಿಸುವಾಗ ಹಳೆಯದನ್ನು ಕಿತ್ತು ತೆಗೆಯುವುದು ಅಪರೂಪ. ಅದರ ಪಕ್ಕದಲ್ಲೇ ಹೊಸ ಸಾಲು ಹಾಕಿ, ಪರೀಕ್ಷೆ ಮಾಡಿ, ಒಂದೊಂದೇ ಮನೆಯ ಕನೆಕ್ಷನ್ನನ್ನು ಹೊಸದಕ್ಕೆ ಬದಲಾಯಿಸುತ್ತಾರೆ. ಎಲ್ಲ ಮುಗಿದ ಮೇಲೆ ಹಳೆಯದರ ಬಾಯಿ ಮುಚ್ಚಿ ಮಣ್ಣಿನಲ್ಲೇ ಬಿಟ್ಟುಬಿಡುತ್ತಾರೆ. ರಸ್ತೆ ಅಗೆದಿದ್ದರೂ ನಲ್ಲಿಯಲ್ಲಿ ನೀರು ಬರುತ್ತಿರುವುದು ಹೀಗೆ.

● ನೀರು ಹೆಚ್ಚು ಕಡೆ ಸೋರುವುದು ದೊಡ್ಡ ಪೈಪಿನಲ್ಲಿ ಅಂದುಕೊಂಡಿದ್ದೀರಾ? ಎಣಿಸಿ ನೋಡಿದರೆ ಬಹುಪಾಲು ಸೋರಿಕೆ ಇರುವುದು ಅದರಿಂದ ಮನೆಗೆ ಕವಲೊಡೆಯುವ ಸಣ್ಣ ಪೈಪಿನಲ್ಲಿ. ದೊಡ್ಡ ಪೈಪಿಗೆ ಸ್ಯಾಡಲ್ ಎಂಬ ಹಿಡಿಪಟ್ಟಿ ಕಟ್ಟಿ, ತೂತು ಕೊರೆದು, ಫೆರೂಲ್ ಎಂಬ ಸಣ್ಣ ಜೋಡಣೆ ತಿರುಗಿಸಿ, ಅಲ್ಲಿಂದ ಜಿ.ಐ. (ಸತು ಲೇಪಿಸಿದ ಕಬ್ಬಿಣದ) ಪೈಪು ಎಳೆದಿರುತ್ತಾರೆ. ತುಕ್ಕು ಹಿಡಿಯುವುದು, ಲಾರಿ ಓಡಾಡಿ ಅಲುಗುವುದು, ಕೇಬಲ್ ಹಾಕಲು ಬಂದವರ ಗುದ್ದಲಿ ತಾಗುವುದು ಎಲ್ಲವೂ ಇಲ್ಲೇ.

● ದೊಡ್ಡ ಪೈಪು ಒಡೆದರೆ ರಸ್ತೆಯಲ್ಲಿ ಕಾರಂಜಿ ಏಳುತ್ತದೆ, ಯಾರೋ ವಿಡಿಯೊ ಮಾಡುತ್ತಾರೆ, ಸಂಜೆಯೊಳಗೆ ರಿಪೇರಿ ಆಗುತ್ತದೆ. ಮನೆ ಕನೆಕ್ಷನ್ನಿನ ಸೋರಿಕೆ ಸದ್ದಿಲ್ಲದೆ ಚರಂಡಿಗಿಳಿದು ವರ್ಷಗಟ್ಟಲೆ ಹರಿಯುತ್ತದೆ. ಒಟ್ಟು ನಷ್ಟದಲ್ಲಿ ಗೆಲ್ಲುವುದು ಎಷ್ಟೋ ಸಲ ಎರಡನೆಯದೇ.

● ನೀರನ್ನು 30 ಮೀಟರ್ ಎತ್ತರಕ್ಕೆ ಏರಿಸಬಲ್ಲಷ್ಟು ಒತ್ತಡ ಇರುವ ಪೈಪಿನಲ್ಲಿ 6 ಮಿಲಿಮೀಟರ್ ಅಗಲದ ಒಂದು ತೂತಿದ್ದರೆ ದಿನಕ್ಕೆ ಸುಮಾರು 35 ಸಾವಿರ ಲೀಟರ್ ಹೊರಗೆ ಹೋಗುತ್ತದೆ. ನಗರದಲ್ಲಿ ತಲೆಗೆ ದಿನಕ್ಕೆ 135 ಲೀಟರ್ ಎನ್ನುವ ನಮ್ಮ ದೇಶದ ಮಾನದಂಡ ಹಿಡಿದರೆ, ಅದು 250ಕ್ಕೂ ಹೆಚ್ಚು ಜನರ ಪಾಲು.

● ಈ ತೂತು ಬೆಂಗಳೂರಿನಲ್ಲಿದ್ದರೆ ಕರೆಂಟೂ ಸೋರಿದಂತೆ. ಕಾವೇರಿ ನೀರು ತೊರೆಕಾಡನಹಳ್ಳಿಯಿಂದ ಸುಮಾರು 100 ಕಿಲೋಮೀಟರ್ ದೂರ ಬರುತ್ತ, ಸುಮಾರು 500 ಮೀಟರ್ ಎತ್ತರ ಏರುತ್ತದೆ. ಪಂಪಿನಲ್ಲಿ ಎಳ್ಳಷ್ಟೂ ನಷ್ಟವಿಲ್ಲ ಎಂದುಕೊಂಡರೂ ಸಾವಿರ ಲೀಟರ್ ಮೇಲೆತ್ತಲು 1.36 ಯೂನಿಟ್ ಬೇಕು. ಅಲ್ಲಿಗೆ ಆ ಒಂದು ತೂತಿನ ದಿನದ ಖರ್ಚು ಸುಮಾರು 48 ಯೂನಿಟ್.

● ಒತ್ತಡ ಹೆಚ್ಚಿಸಿದರೆ ಸೋರಿಕೆಯೂ ಹೆಚ್ಚುತ್ತದೆ. ಕಬ್ಬಿಣದ ಪೈಪಿನ ಗಟ್ಟಿ ತೂತಿನಲ್ಲಿ, ಒತ್ತಡ ಎರಡು ಪಟ್ಟಾದರೆ ಸೋರುವ ನೀರು ಒಂದೂವರೆ ಪಟ್ಟಿಗೆ ಹತ್ತಿರವಾಗುತ್ತದೆ. ಪ್ಲಾಸ್ಟಿಕ್ ಪೈಪಿನ ಉದ್ದ ಸೀಳಾದರೆ ಇನ್ನೂ ಹೆಚ್ಚು, ಏಕೆಂದರೆ ಒತ್ತಡಕ್ಕೆ ಸೀಳೇ ಬಾಯಿ ಬಿಡುತ್ತದೆ. ಹಳೆಯ ಪೈಪಿಗೆ 24 ಗಂಟೆ ನೀರು ಬಿಡುತ್ತೇವೆ ಎಂದು ಯಾರೂ ಸುಲಭವಾಗಿ ಮಾತು ಕೊಡದಿರುವುದು ಇದಕ್ಕೇ.

ಮರದಿಂದ ಪ್ಲಾಸ್ಟಿಕ್‌ವರೆಗೆ

● ನ್ಯೂಯಾರ್ಕ್‌ನ ಬೀದಿಗಳಲ್ಲಿ ಒಂದು ಕಾಲಕ್ಕೆ ಮರದ ಪೈಪುಗಳಿದ್ದವು. 1799ರಲ್ಲಿ ಶುರುವಾದ ಮ್ಯಾನ್‌ಹಟನ್ ಕಂಪನಿ ದಿಮ್ಮಿಗಳ ನಡುವೆ ತೂತು ಕೊರೆದು, ತುದಿಗೆ ತುದಿ ಸೇರಿಸಿ ನೀರು ಹರಿಸಿತು. ಆ ಕಂಪನಿಗೆ ನೀರಿಗಿಂತ ಬ್ಯಾಂಕಿನ ವ್ಯವಹಾರದಲ್ಲೇ ಹೆಚ್ಚು ಆಸಕ್ತಿ. ಇಂದಿನ ಚೇಸ್ ಬ್ಯಾಂಕಿನ ಮೂಲ ಅದೇ. ಆ ದಿಮ್ಮಿಗಳು ಈ ಶತಮಾನದಲ್ಲೂ ರಸ್ತೆ ಅಗೆಯುವಾಗ ಸಿಕ್ಕಿವೆ.

● ಫ್ರಾನ್ಸಿನ ವರ್ಸೇಲ್ಸ್ ಅರಮನೆಯ ಕಾರಂಜಿಗಳಿಗೆ 17ನೇ ಶತಮಾನದಲ್ಲಿ ಹಾಕಿದ ಬೀಡು ಕಬ್ಬಿಣದ ಪೈಪುಗಳು 300 ವರ್ಷಕ್ಕೂ ಹೆಚ್ಚು ಕಾಲ ಬಾಳಿದವು.

● ಲಂಡನ್‌ನಲ್ಲಿ ಈ ಶತಮಾನದ ಆರಂಭದಲ್ಲಿ ಅರ್ಧಕ್ಕೂ ಹೆಚ್ಚು ಪೈಪುಗಳಿಗೆ ನೂರು ವರ್ಷ ದಾಟಿತ್ತು. ವಿಕ್ಟೋರಿಯಾ ರಾಣಿಯ ಕಾಲದ ಆ ಪೈಪುಗಳನ್ನು ಬದಲಿಸಲೆಂದೇ ದೊಡ್ಡ ಯೋಜನೆ ನಡೆಯಿತು. ವಯಸ್ಸಿನ ಜೊತೆ ಮಣ್ಣೂ ವೈರಿ: ಜೇಡಿಮಣ್ಣು ಒಣಗಿ ಕುಗ್ಗಿದಾಗಲೂ ನೆನೆದು ಉಬ್ಬಿದಾಗಲೂ ಬಾಗಲು ಬಾರದ ಬೀಡು ಕಬ್ಬಿಣ ಬಿರುಕು ಬಿಡುತ್ತದೆ. ಧಾರವಾಡದ ಕಡೆಯ ಎರೆಮಣ್ಣಿನ ಗುಣವೂ ಇದೇ.

● ಬೀಡು ಕಬ್ಬಿಣಕ್ಕೆ ಬಾಗುವ ಗುಣ ಬಂದದ್ದು 1943ರಲ್ಲಿ. ಕರಗಿದ ಕಬ್ಬಿಣಕ್ಕೆ ಚೂರು ಮೆಗ್ನೀಸಿಯಂ ಸೇರಿಸಿದರೆ ಒಳಗಿನ ಗ್ರಾಫೈಟ್ ಚಕ್ಕೆಗಳು ಉಂಡೆಗಳಾಗುತ್ತವೆ ಎಂದು ಅಮೆರಿಕದ ಕೀತ್ ಮಿಲಿಸ್ ಕಂಡುಕೊಂಡರು. ಚಕ್ಕೆಯ ಅಂಚಿನಿಂದ ಬಿರುಕು ಶುರುವಾಗುತ್ತದೆ, ಉಂಡೆಯಲ್ಲಿ ಅಂಚೇ ಇಲ್ಲ. ಇಂದು ರಸ್ತೆ ಬದಿಯಲ್ಲಿ ರಾಶಿ ಹಾಕಿರುವ ಡಿ.ಐ. (ಡಕ್ಟೈಲ್ ಐರನ್) ಪೈಪುಗಳು ಇವೇ. ತುಕ್ಕು ಹಿಡಿಯದಿರಲೆಂದು ಒಳಗೆ ಸಿಮೆಂಟಿನ ಲೇಪ ಇರುತ್ತದೆ.

● ಬೆಂಗಳೂರಿಗೆ ಹೆಸರಘಟ್ಟದ ನೀರು ಬಂದದ್ದು 1896ರಲ್ಲಿ. 1933ರಲ್ಲಿ ತಿಪ್ಪಗೊಂಡನಹಳ್ಳಿ ಜಲಾಶಯ, 1974ರಲ್ಲಿ ಕಾವೇರಿ ಮೊದಲ ಹಂತ, 2024ರ ಅಕ್ಟೋಬರ್‌ನಲ್ಲಿ ಐದನೇ ಹಂತದಿಂದ ದಿನಕ್ಕೆ 77.5 ಕೋಟಿ ಲೀಟರ್. ನೀರು ಬಂದ ಪ್ರತಿ ಸಲವೂ ಪೈಪುಗಳ ಹೊಸ ಸಾಲು ಬಂತು. ಹಾಗಾಗಿ ಇಂಥ ನಗರದಲ್ಲಿ ಒಂದು ಬೀದಿಯ ಪೈಪಿಗೂ ಪಕ್ಕದ ಬೀದಿಯ ಪೈಪಿಗೂ ಒಂದು ತಲೆಮಾರಿನ ಅಂತರ ಇದ್ದರೆ ಆಶ್ಚರ್ಯವಿಲ್ಲ.

● 4 ಇಂಚಿನ ಪೈಪು ತೆಗೆದು 6 ಇಂಚಿನದು ಹಾಕಿದರೆ ನೀರು ಒಂದೂವರೆ ಪಟ್ಟು ಹೆಚ್ಚು ಬರುತ್ತದೆಯೇ? ಇಲ್ಲ, ಸುಮಾರು ಮೂರು ಪಟ್ಟು. 8 ಇಂಚಾದರೆ ಆರು ಪಟ್ಟು. ಗುಂಡಿ ತೋಡುವ ಖರ್ಚು, ಡಾಂಬರು ಹಾಕುವ ಖರ್ಚು ಮೂರಕ್ಕೂ ಹೆಚ್ಚುಕಮ್ಮಿ ಒಂದೇ.

ಗುಂಡಿಯೊಳಗೆ

● ನೀಲಿ ಗೆರೆಯ ಕಪ್ಪು ಎಚ್‌ಡಿಪಿಇ ಪೈಪುಗಳನ್ನು ಅಂಟು ಹಾಕಿ ಸೇರಿಸುವುದಿಲ್ಲ, ಕರಗಿಸಿ ಬೆಸೆಯುತ್ತಾರೆ. ಎರಡು ಪೈಪುಗಳ ತುದಿಯನ್ನು ಸುಮಾರು 220 ಡಿಗ್ರಿ ಕಾದ ತಟ್ಟೆಗೆ ಒತ್ತಿ, ತಟ್ಟೆ ಸರಿಸಿ, ಒಂದಕ್ಕೊಂದು ಒತ್ತಿ ಹಿಡಿಯುವುದು ಒಂದು ವಿಧಾನ.

● ಇನ್ನೊಂದು ವಿಧಾನವನ್ನು ಹತ್ತಿರ ನಿಂತು ನೋಡಬೇಕು. ಎರಡು ಪೈಪುಗಳನ್ನು ಸೇರಿಸುವ ಕಪ್ಲರ್‌ನ ಒಳಗೋಡೆಯಲ್ಲಿ ತಂತಿಯ ಸುರುಳಿ ಹುದುಗಿರುತ್ತದೆ. ಕೆಲಸಗಾರ ಮೊದಲು ಪೈಪಿನ ಮೇಲ್ಪದರವನ್ನು ಹೆರೆದು ತೆಗೆಯುತ್ತಾನೆ, ಒರೆಸುತ್ತಾನೆ, ಕಪ್ಲರ್ ಕೂಡಿಸಿ ಅಲುಗದಂತೆ ಕ್ಲಾಂಪ್ ಬಿಗಿಯುತ್ತಾನೆ. ಆಮೇಲೆ ಕರೆಂಟು. ಒಳಗಿನ ಪ್ಲಾಸ್ಟಿಕ್ ಕರಗಿದಾಗ ಕಪ್ಲರ್‌ನ ಮೇಲಿರುವ ಎರಡು ಸಣ್ಣ ಮೊಳೆಗಳು ತಾವಾಗಿ ತಲೆ ಎತ್ತುತ್ತವೆ. ಪೂರ್ತಿ ಆರುವವರೆಗೆ ಕ್ಲಾಂಪ್ ಬಿಚ್ಚುವಂತಿಲ್ಲ. ಹೆರೆಯುವುದನ್ನು ಬಿಟ್ಟರೂ, ಮಣ್ಣಿನ ಕೈಯಲ್ಲಿ ಮುಟ್ಟಿದರೂ ಹೊರಗಿನಿಂದ ಜೋಡಣೆ ಚೆನ್ನಾಗಿಯೇ ಕಾಣುತ್ತದೆ. ಅದು ಬಿಟ್ಟುಕೊಳ್ಳುವುದು ಮುಂದೊಂದು ದಿನ, ಡಾಂಬರಿನ ಕೆಳಗೆ.

● ಪ್ಲಾಸ್ಟಿಕ್ ಪೈಪಿನ ದೊಡ್ಡ ತೊಂದರೆ ಎಂದರೆ ಹೂತ ಮೇಲೆ ಲೋಹಶೋಧಕಕ್ಕೂ ಸಿಗುವುದಿಲ್ಲ. ಅದಕ್ಕೇ ಜೊತೆಗೊಂದು ತಾಮ್ರದ ತಂತಿ ಹಾಕುವ, ಮೇಲೆ ಎಚ್ಚರಿಕೆಯ ಬಣ್ಣದ ಪಟ್ಟಿ ಹಾಸುವ ಪದ್ಧತಿ ಇದೆ. ನಾಳೆ ಅಗೆಯುವವರಿಗೆ ಮೊದಲು ಕಾಣಬೇಕಾದದ್ದು ಆ ಪಟ್ಟಿ.

● ಪೈಪು ತಿರುಗುವಲ್ಲಿ ಅದರ ಬೆನ್ನಿಗೊಂದು ಕಾಂಕ್ರೀಟ್ ದಿಮ್ಮಿ ಏಕೆ? 12 ಇಂಚಿನ ಪೈಪು 90 ಡಿಗ್ರಿ ತಿರುಗುವ ಕಡೆ, ನೀರಿನ ಒತ್ತಡ 6 ಬಾರ್ ಇದ್ದರೆ, ಆ ಮೂಲೆಯನ್ನು ಹೊರಕ್ಕೆ ತಳ್ಳುವ ಬಲ ಸುಮಾರು 6 ಟನ್. ದಿಮ್ಮಿ ಇಲ್ಲದಿದ್ದರೆ ಜೋಡಣೆ ಕಳಚಿಕೊಳ್ಳುತ್ತದೆ.

● ಹೊಸ ಪೈಪಿನ ಮೊದಲ ನೀರು ಕುಡಿಯಲು ಬರುವುದಿಲ್ಲ. ಒತ್ತಡ ಪರೀಕ್ಷೆ ಆದ ಮೇಲೆ ಕ್ಲೋರಿನ್ ನೀರು ತುಂಬಿ ನಿಲ್ಲಿಸಬೇಕು. ಅಮೆರಿಕದಲ್ಲಿ ಬಳಕೆಯಲ್ಲಿರುವ ಒಂದು ಕ್ರಮದಲ್ಲಿ ಲೀಟರಿಗೆ 25 ಮಿಲಿಗ್ರಾಂ ಕ್ಲೋರಿನ್ ಹಾಕಿ 24 ಗಂಟೆ ಬಿಡುತ್ತಾರೆ. ಕೊನೆಗೆ 10 ಮಿಲಿಗ್ರಾಂ ಆದರೂ ಉಳಿದಿರಬೇಕು. ಕಡಿಮೆ ಉಳಿದಿದ್ದರೆ ಒಳಗೆ ಕೊಳೆಯಿದೆ ಎಂದರ್ಥ.

● ಬೀದಿ ಉದ್ದಕ್ಕೂ ಅಗೆಯದೆಯೂ ಪೈಪು ಬದಲಿಸಬಹುದು. ಎರಡು ತುದಿಯಲ್ಲಿ ಗುಂಡಿ ತೋಡಿ, ಹಳೆಯ ಪೈಪಿನೊಳಗೆ ಮೊನಚು ತಲೆಯ ಉಪಕರಣ ಎಳೆಯುತ್ತಾರೆ. ಅದು ಹಳೆಯದನ್ನು ಸಿಡಿಸಿ ಚೂರುಗಳನ್ನು ಮಣ್ಣಿಗೆ ಒತ್ತುತ್ತ ಮುಂದೆ ಹೋಗುತ್ತದೆ, ಹಿಂದೆಯೇ ಹೊಸ ಪೈಪು ಬರುತ್ತದೆ. ಈ ಉಪಾಯ ಹುಟ್ಟಿದ್ದು 1970ರ ದಶಕದ ಕೊನೆಯಲ್ಲಿ, ಬ್ರಿಟನ್ನಿನ ಗ್ಯಾಸ್ ಪೈಪುಗಳಿಗಾಗಿ. ಆದರೂ ಪ್ರತಿ ಮನೆಯ ಕನೆಕ್ಷನ್ ಇರುವಲ್ಲಿ ಒಂದೊಂದು ಗುಂಡಿ ತಪ್ಪುವುದಿಲ್ಲ.

ಒತ್ತಡ ಇಳಿದಾಗ, ಏರಿದಾಗ

● ನೀರು ಬಿಡುವವನು ವಾಲ್ವ್ ಅನ್ನು ನಿಧಾನವಾಗಿ ತಿರುಗಿಸುವುದು ಸೋಮಾರಿತನದಿಂದಲ್ಲ. ಸೆಕೆಂಡಿಗೆ ಒಂದು ಮೀಟರ್ ವೇಗದಲ್ಲಿ ಹರಿಯುವ ನೀರನ್ನು ಕಬ್ಬಿಣದ ಪೈಪಿನಲ್ಲಿ ಗಕ್ಕನೆ ನಿಲ್ಲಿಸಿದರೆ, 120 ಮೀಟರ್ ಎತ್ತರದ ನೀರಿನ ಕಂಬದಷ್ಟು ಹೆಚ್ಚುವರಿ ಒತ್ತಡ ಏಳುತ್ತದೆ. 1890ರ ದಶಕದ ಕೊನೆಯಲ್ಲಿ ಮಾಸ್ಕೋ ನಗರದ ಪೈಪುಗಳ ಮೇಲೆ ಪ್ರಯೋಗ ಮಾಡಿ ಇದರ ಸೂತ್ರ ಕೊಟ್ಟವರು ನಿಕೊಲಾಯ್ ಜೂಕೋವ್‌ಸ್ಕಿ.

● ನೀರು ಬರುವ ಮುಂಚೆ ನಲ್ಲಿ ಬುಸುಗುಟ್ಟುವಾಗ ಮೀಟರ್ ನೋಡಿ. ಖಾಲಿ ಪೈಪಿನಲ್ಲಿದ್ದ ಗಾಳಿ ಹೊರಡುವಾಗಲೂ ಮೀಟರಿನ ಚಕ್ರ ತಿರುಗುತ್ತದೆ. ದಿನ ಬಿಟ್ಟು ದಿನ ನೀರು ಬರುವ ಊರಿನಲ್ಲಿ ಬಿಲ್ಲಿನಲ್ಲಿ ಒಂದಿಷ್ಟು ಗಾಳಿಯೂ ಸೇರಿರುತ್ತದೆ!

● ತುಂಬಿದ ಪೈಪಿನ ತೂತಿನಿಂದ ನೀರು ಹೊರಗೆ ಹೋಗುತ್ತದೆ, ಖಾಲಿಯಾಗುವ ಪೈಪಿನ ಅದೇ ತೂತಿನಿಂದ ಹೊರಗಿನ ಕೊಚ್ಚೆ ಒಳಗೆ ಬರುತ್ತದೆ. ನೀರಿನ ಪೈಪಿಗೂ ಒಳಚರಂಡಿಗೂ ಅಡ್ಡಲಾಗಿ ಮೂರು ಮೀಟರ್ ಅಂತರ ಇರಬೇಕೆಂಬುದು ಎಂಜಿನಿಯರ್‌ಗಳ ನಿಯಮ. ನಮ್ಮ ಎಷ್ಟೋ ಓಣಿಗಳ ಅಗಲವೇ ಮೂರು ಮೀಟರ್.

● ಹೀಗೆ ಕೊಚ್ಚೆ ಸೇರುವುದರ ಪರಿಣಾಮವನ್ನು ಅಳೆದು ತೋರಿಸಿದ್ದು ಹುಬ್ಬಳ್ಳಿ-ಧಾರವಾಡದಲ್ಲಿ. ವಿಶ್ವಬ್ಯಾಂಕಿನ ನೆರವಿನಿಂದ ಹುಬ್ಬಳ್ಳಿ-ಧಾರವಾಡ, ಬೆಳಗಾವಿ, ಕಲಬುರಗಿಯ ಆಯ್ದ ವಾರ್ಡುಗಳಲ್ಲಿ ಪೈಪು ಜಾಲವನ್ನೇ ಬದಲಿಸಿ, 2008ರ ಹೊತ್ತಿಗೆ 24 ಗಂಟೆ ನೀರು ಕೊಡಲಾಯಿತು. ಅವಳಿನಗರದ ಉಳಿದ ವಾರ್ಡುಗಳಿಗೆ ಆಗ ಹಲವು ದಿನಗಳಿಗೊಮ್ಮೆ ನೀರು ಬರುತ್ತಿತ್ತು. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಂಶೋಧಕರು ಎರಡೂ ಕಡೆಯ ನಲ್ಲಿ ನೀರು ಪರೀಕ್ಷಿಸಿ 2013ರಲ್ಲಿ ಫಲಿತಾಂಶ ಪ್ರಕಟಿಸಿದರು. ಬಿಟ್ಟು ಬಿಟ್ಟು ನೀರು ಬರುವ ಕಡೆ 31.7% ಮಾದರಿಗಳಲ್ಲಿ ಮಲದಿಂದ ಬರುವ ಇ-ಕೋಲಿ ಬ್ಯಾಕ್ಟೀರಿಯಾ ಇತ್ತು. ಸದಾ ನೀರಿರುವ ಕಡೆ 0.7%.

● ಎರಡೂ ಕಡೆಗೆ ಬರುತ್ತಿದ್ದ ನೀರಿನ ಮೂಲಗಳು ಅವೇ ಎಂಬುದನ್ನು ಇಲ್ಲಿ ಗಮನಿಸಬೇಕು. ಶುದ್ಧೀಕರಣ ಘಟಕದಿಂದ ಹೊರಟ ಮೇಲೆ ವ್ಯತ್ಯಾಸ ಹುಟ್ಟಿದ್ದು ರಸ್ತೆಯಡಿಯಲ್ಲಿ.

ಗೆದ್ದವರು

● ಎರಡನೇ ಮಹಾಯುದ್ಧ ಮುಗಿದಾಗ ಟೋಕಿಯೊದ ನೀರಿನಲ್ಲಿ ಸುಮಾರು 80% ಸೋರಿಹೋಗುತ್ತಿತ್ತು. ಈಗ ಅದು 3%ರ ಆಸುಪಾಸು. 1980ರಿಂದ ಮನೆ ಕನೆಕ್ಷನ್ನಿಗೆ ಸೀಸದ ಬದಲು ಸ್ಟೇನ್‌ಲೆಸ್ ಸ್ಟೀಲ್ ಪೈಪು ಹಾಕತೊಡಗಿದ್ದು ಇದಕ್ಕೆ ಒಂದು ಮುಖ್ಯ ಕಾರಣ.

● ಕಾಂಬೋಡಿಯಾದ ನಾಮ್ ಪೆನ್ ಬಡ ನಗರ. 1993ರಲ್ಲಿ ಅಲ್ಲಿ 72% ನೀರಿಗೆ ಲೆಕ್ಕವೇ ಇರಲಿಲ್ಲ. ಎಕ್ ಸೋನ್ ಚಾನ್ ಜಲಸಂಸ್ಥೆಯ ಚುಕ್ಕಾಣಿ ಹಿಡಿದ ಮೇಲೆ ಪೈಪು ಬದಲಾಯಿತು, ಪ್ರತಿ ಮನೆಗೆ ಮೀಟರ್ ಬಂತು, ಕಳ್ಳ ಕನೆಕ್ಷನ್ ಹೋಯಿತು. ಒಂದೂವರೆ ದಶಕದಲ್ಲಿ ನಷ್ಟ 6%ರ ಹತ್ತಿರಕ್ಕೆ ಇಳಿಯಿತು. 2006ರಲ್ಲಿ ಅವರಿಗೆ ಮ್ಯಾಗ್ಸೆಸೆ ಪ್ರಶಸ್ತಿ ಸಿಕ್ಕಿತು.

● ಸೋರಿಕೆ ಹುಡುಕಲು ಒಳ್ಳೆಯ ಸಮಯ ರಾತ್ರಿ 2ರಿಂದ 4 ಗಂಟೆ. ಬಡಾವಣೆಗೆ ಒಳಹೋಗುವ ಪೈಪಿಗೆ ಒಂದು ಮೀಟರ್ ಕೂಡಿಸಿದರೆ ಸಾಕು. ಊರೆಲ್ಲ ಮಲಗಿರುವಾಗಲೂ ಅದು ಜೋರಾಗಿ ತಿರುಗುತ್ತಿದ್ದರೆ ನೀರು ಮಣ್ಣಿಗೆ ಹೋಗುತ್ತಿದೆ ಎಂದೇ ಲೆಕ್ಕ. ಆಮೇಲೆ ಉದ್ದ ಕೋಲಿನ ಒಂದು ತುದಿ ವಾಲ್ವ್ ಮೇಲಿಟ್ಟು, ಇನ್ನೊಂದು ತುದಿ ಕಿವಿಗಿಟ್ಟು ಸೋರುವ ಸದ್ದು ಕೇಳುತ್ತ ಹೋಗುತ್ತಾರೆ.

● ಇದೇ ಪರೀಕ್ಷೆ ಮನೆಯಲ್ಲೂ ಮಾಡಬಹುದು. ಸಂಪು ತುಂಬಿಸಿ, ಎಲ್ಲ ನಲ್ಲಿ ಬಂದ್ ಮಾಡಿ, ನೀರು ಬಿಟ್ಟಿರುವಾಗ ಮೀಟರ್ ನೋಡಿ. ಆಗಲೂ ತಿರುಗುತ್ತಿದ್ದರೆ ಮೀಟರಿನಿಂದ ಈಚೆಗೆ ಎಲ್ಲೋ ಸೋರುತ್ತಿದೆ.

● ನಿಮ್ಮ ಬೀದಿಯಲ್ಲಿ ಕೆಲಸ ನಡೆದಿದ್ದರೆ ಗುಂಡಿ ಮುಚ್ಚುವ ಮುಂಚೆ ಕೇಳಬೇಕಾದ ಪ್ರಶ್ನೆಗಳು ಮೂರು. ಒತ್ತಡ ಪರೀಕ್ಷೆ ಆಯಿತೇ? ಮನೆಯ ಹಳೆಯ ಕನೆಕ್ಷನ್ನನ್ನು ದೊಡ್ಡ ಪೈಪಿನ ಹತ್ತಿರವೇ ಬಂದ್ ಮಾಡಿದ್ದೀರಾ? ಮೀಟರ್‌ವರೆಗಿನ ಸಣ್ಣ ಪೈಪೂ ಹೊಸದೇ? ಮೂರನೆಯದಕ್ಕೆ "ಇಲ್ಲ" ಎಂದರೆ ಪಟ್ಟುಹಿಡಿದು ಮಾಡಿಸಿಕೊಳ್ಳಿ. ಡಾಂಬರು ಹಾಕಿದ ಮೇಲೆ ಅದೇ ಕೆಲಸಕ್ಕೆ ರಸ್ತೆ ಅಗೆಯುವ ಅನುಮತಿ ಪಡೆದು, ಶುಲ್ಕ ಕಟ್ಟಿ, ಅದೇ ಜಾಗವನ್ನು ಮತ್ತೆ ಅಗೆಸಬೇಕಾಗುತ್ತದೆ.